ಇಳಿದು ಬಂದದ್ದು ಗ್ರಂಥವೋ, ಮನುಷ್ಯನೋ? ಆರಂಭದ ಕ್ರೈಸ್ತರ ‘ದೈವ ಪ್ರಕಟನೆ’

ಪ್ರಶ್ನೆ: ‘ದೇವರು ತನ್ನನ್ನು ಪ್ರಕಟಪಡಿಸಿಕೊಂಡ’ ಎಂಬ ಮಾತು ಕ್ರೈಸ್ತ ಬರಹಗಳಲ್ಲಿ ಪದೇ ಪದೇ ಬರುತ್ತದೆ. ವೇದವನ್ನು ನಾವು ಅಪೌರುಷೇಯ ಎನ್ನುತ್ತೇವೆ. ಕುರಾನ್ ಅಕ್ಷರಶಃ ಇಳಿದು ಬಂದದ್ದು ಎಂದು ಮುಸ್ಲಿಂ ಗೆಳೆಯರು ಹೇಳುತ್ತಾರೆ. ಮೊದಮೊದಲಿನ ಕ್ರೈಸ್ತರೂ ಬೈಬಲ್ ಬಗ್ಗೆ ಹಾಗೇ ತಿಳಿದಿದ್ದರೇ? ಯೇಸುವಿಗಿಂತ ಮೊದಲು ಬದುಕಿದ್ದವರ ಗತಿ ಏನು? ಈ ಪ್ರಕಟನೆ ಈಗಲೂ ನಡೆಯುತ್ತಿದೆಯೇ, ಇಲ್ಲ ಎಂದೋ ನಿಂತುಹೋಯಿತೇ?

ಉತ್ತರ: ಮೊದಲನೆಯದಕ್ಕೆ ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ಹಾಗೆ ತಿಳಿದಿರಲಿಲ್ಲ. ಆ ಕಾಲದ ಕ್ರೈಸ್ತ ಚಿಂತಕರನ್ನು ‘ದೇವರು ಪ್ರಕಟವಾದದ್ದು ಎಲ್ಲಿ?’ ಎಂದು ಕೇಳಿದರೆ ಅವರು ಬೆರಳು ತೋರಿಸುತ್ತಿದ್ದದ್ದು ಯೇಸುವಿನ ಕಡೆಗೆ. ಆತ ಕಲಿಸಿದ ಮಾತು, ಆತನ ಬದುಕು, ಶಿಲುಬೆಯ ಸಾವು, ಪುನರುತ್ಥಾನ ಎಲ್ಲವೂ ಸೇರಿ ಅವರಿಗೆ ಪ್ರಕಟನೆ. ಗ್ರಂಥ ಪವಿತ್ರವೇ, ಅನುಮಾನವಿಲ್ಲ. ಆದರೆ ಅದು ಸಾಕ್ಷಿಯ ಜಾಗದಲ್ಲಿ ನಿಲ್ಲುತ್ತದೆ. ಬೈಬಲ್‌ನಲ್ಲಿರುವ ‘ಇಬ್ರಿಯರಿಗೆ ಬರೆದ ಪತ್ರಿಕೆ’ ಶುರುವಾಗುವುದೇ ಹೀಗೆ: ಹಿಂದೆ ದೇವರು ಪ್ರವಾದಿಗಳ ಮೂಲಕ ಹಲವು ಬಗೆಯಲ್ಲಿ ಮಾತಾಡಿದ, ಈ ಕಡೆಯ ದಿನಗಳಲ್ಲಿ ಮಗನ ಮೂಲಕ ಮಾತಾಡಿದ.

ಇದಕ್ಕೆ ಒಂದು ಸರಳ ಕಾರಣವೂ ಇದೆ. ಆಗ ಅವರ ಕೈಯಲ್ಲಿ ಇಂದಿನ ಬೈಬಲ್ ಇರಲೇ ಇಲ್ಲ. ಅವರ ಧರ್ಮಗ್ರಂಥ ಎಂದರೆ ಯೆಹೂದ್ಯರ ಗ್ರಂಥ, ಅದೂ ಹೆಚ್ಚಾಗಿ ಗ್ರೀಕ್ ಅನುವಾದದಲ್ಲಿ. ಯೇಸುವಿನ ಬದುಕಿನ ಕತೆ ಹೇಳುವ ಸುವಾರ್ತೆಗಳು, ಮೊದಲ ತಲೆಮಾರಿನ ಪ್ರಚಾರಕ ಪೌಲನ ಪತ್ರಗಳು ಊರಿಂದ ಊರಿಗೆ ನಕಲಾಗುತ್ತಾ ಓಡಾಡುತ್ತಿದ್ದವು. ಇಂದಿನ ಹೊಸ ಒಡಂಬಡಿಕೆಯ, ಅಂದರೆ ಬೈಬಲ್‌ನ ಕ್ರೈಸ್ತ ಭಾಗದ, 27 ಪುಸ್ತಕಗಳ ಪಟ್ಟಿ, ಒಂದೂ ಹೆಚ್ಚಿಲ್ಲದೆ ಒಂದೂ ಕಡಿಮೆಯಿಲ್ಲದೆ, ನಮಗೆ ಮೊದಲು ಸಿಗುವುದು 367ರಲ್ಲಿ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಈಸ್ಟರ್ ಹಬ್ಬಕ್ಕೆ ಬರೆದ ಪತ್ರದಲ್ಲಿ ಅದಿದೆ. ಅಷ್ಟು ಹೊತ್ತಿಗೆ ಮುನ್ನೂರಕ್ಕೂ ಜಾಸ್ತಿ ವರ್ಷ ಕಳೆದಿತ್ತು.

ಗ್ರಂಥಕ್ಕೂ ವ್ಯಕ್ತಿಗೂ ಇರುವ ಈ ಸಂಬಂಧದ ಮೇಲೆ ನೇರವಾಗಿ ನಡೆದ ಒಂದು ಜಗಳದ ದಾಖಲೆ ನಮಗೆ ಉಳಿದಿದೆ. 2ನೇ ಶತಮಾನದ ಮೊದಲ ದಶಕಗಳು. ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್‌ನನ್ನು ಸೈನಿಕರು ರೋಮ್‌ಗೆ ಎಳೆದೊಯ್ಯುತ್ತಿದ್ದಾರೆ, ಕಾಡುಪ್ರಾಣಿಗಳ ಬಾಯಿಗೆ ಹಾಕಲು. ದಾರಿಯಲ್ಲಿ ಆತ ಏಳು ಪತ್ರ ಬರೆಯುತ್ತಾನೆ. ಫಿಲದೆಲ್ಫಿಯದ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯಕ್ಕೆ, ಬರೆದದ್ದರಲ್ಲಿ ಈ ಪ್ರಸಂಗ ಬರುತ್ತದೆ. ಅಲ್ಲಿ ಕೆಲವರು ‘ಹಳೆಯ ದಾಖಲೆಗಳಲ್ಲಿ ಸಿಗದಿದ್ದರೆ ಸುವಾರ್ತೆಯಲ್ಲಿದ್ದರೂ ನಾನು ನಂಬುವುದಿಲ್ಲ’ ಎಂದು ಪಟ್ಟು ಹಿಡಿದಿದ್ದರು. ದಾಖಲೆ ಎಂದರೆ ಯೆಹೂದ್ಯರ ಗ್ರಂಥ. ಇಗ್ನೇಷಿಯಸ್ ‘ಬರೆದಿದೆಯಲ್ಲ’ ಎಂದ. ‘ಅದೇ ತಾನೇ ಪ್ರಶ್ನೆ’ ಎಂದು ಅವರು ತಿರುಗಿಸಿ ಹೇಳಿದರು. ಆಗ ಆತ ಕೊಟ್ಟ ಉತ್ತರದ ಸಾರ ಇದು: ನನಗೆ ಯೇಸು ಕ್ರಿಸ್ತನೇ ದಾಖಲೆ. ಆತನ ಶಿಲುಬೆ, ಸಾವು, ಪುನರುತ್ಥಾನ, ಅದರಿಂದ ಬಂದ ನಂಬಿಕೆ, ಇವೇ ಯಾರೂ ಮುಟ್ಟಲಾಗದ ದಾಖಲೆ.

ವಾದದಲ್ಲಿ ಇಗ್ನೇಷಿಯಸ್ ಗೆದ್ದ ಎಂದು ನನಗನಿಸುವುದಿಲ್ಲ. ಎದುರಿನವರ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಆತ ಉತ್ತರ ಕೊಡದೆ ಪಕ್ಕಕ್ಕೆ ಸರಿಸಿಬಿಟ್ಟ. ಆದರೆ ಆತನ ಮನಸ್ಸಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ವಾ?

ಹಾಗಾದರೆ ಬರೆದ ಮಾತುಗಳು ಮನುಷ್ಯರವೋ ದೇವರವೋ? ಹೊಸ ಒಡಂಬಡಿಕೆಯನ್ನೇ ತೆರೆದು ನೋಡಿ. ಲೂಕ ತನ್ನ ಸುವಾರ್ತೆಯ ಮೊದಲ ಸಾಲುಗಳಲ್ಲಿ, ಬೇರೆಯವರೂ ಬರೆದಿದ್ದಾರೆ, ನಾನೂ ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ. ಯಾವ ದೇವದೂತನೂ ಬಂದು ಕಿವಿಯಲ್ಲಿ ಹೇಳಿದ ಎನ್ನುವುದಿಲ್ಲ. ಪೌಲ ಕೊರಿಂಥದವರಿಗೆ ಬರೆಯುತ್ತಾ ಮದುವೆಯ ವಿಷಯದಲ್ಲಿ ‘ಇದು ಕರ್ತನ ಮಾತಲ್ಲ, ನಾನು ಹೇಳುವುದು’ ಎಂದು ಬಿಡಿಸಿ ಹೇಳುತ್ತಾನೆ. ಅದೇ ಪತ್ರದಲ್ಲಿ ತಾನು ಯಾರಿಗೆಲ್ಲ ದೀಕ್ಷಾಸ್ನಾನ ಮಾಡಿಸಿದೆ ಎಂದು ಲೆಕ್ಕ ಹಾಕುತ್ತಾ ಒಂದು ಮನೆಯವರನ್ನು ಮರೆತು, ಆಮೇಲೆ ನೆನಪಿಸಿಕೊಂಡು, ‘ಬೇರೆ ಯಾರಿಗಾದರೂ ಮಾಡಿಸಿದೆನೋ ಗೊತ್ತಿಲ್ಲ’ ಎಂದು ಬರೆದುಬಿಡುತ್ತಾನೆ. ಬರೆದದ್ದನ್ನು ಹೊಡೆದು ಹಾಕುವ ಗೋಜಿಗೂ ಹೋಗಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಒಂದೇ ಕಡೆ ವಾಲಿದಂತಾಗುತ್ತದೆ. ಇನ್ನೊಂದು ಬಗೆಯ ಮಾತುಗಳೂ ಆಗಲೇ ಇದ್ದವು. ಸುಮಾರು 177ರಲ್ಲಿ ಅಥೆನಾಗೋರಸ್ ಎಂಬ ಲೇಖಕ, ಕೊಳಲುಗಾರ ಕೊಳಲು ಊದುವಂತೆ ಪವಿತ್ರಾತ್ಮ ಪ್ರವಾದಿಗಳನ್ನು ಬಳಸಿಕೊಂಡ ಎನ್ನುತ್ತಾನೆ. ಗ್ರೀಕ್ ಅನುವಾದದ ಬಗ್ಗೆ ಒಂದು ಕತೆಯೂ ಓಡಾಡುತ್ತಿತ್ತು. ಎಪ್ಪತ್ತು ಜನ ಯೆಹೂದ್ಯ ಹಿರಿಯರನ್ನು ಬೇರೆ ಬೇರೆ ಕೂರಿಸಿ ಅನುವಾದ ಮಾಡಿಸಿದಾಗ ಎಲ್ಲರದ್ದೂ ಒಂದೇ ಪದಗಳಲ್ಲಿ ಬಂತಂತೆ! 2ನೇ ಶತಮಾನದ ಬಿಷಪ್ ಐರೇನಿಯಸ್‌ನಂಥ ಗಟ್ಟಿ ತಲೆಯವನೂ ಇದನ್ನು ನಂಬಿ ಬರೆದಿದ್ದಾನೆ. ಅಂದರೆ ಪ್ರತಿ ಪದದ ಹಿಂದೆಯೂ ದೇವರ ಕೈ ಇದೆ ಎಂಬ ಭಾವನೆ ಅವರಿಗೆ ಹೊಸದಲ್ಲ. 3ನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಜೆನ್ ಇದಕ್ಕೊಂದು ಗಡಿ ಹಾಕುತ್ತಾನೆ. ಗ್ರೀಸಿನ ಡೆಲ್ಫಿ ದೇಗುಲದ ಪೂಜಾರಿಣಿ ಮೈಮೇಲೆ ಬಂದಾಗ ತನ್ನ ಪ್ರಜ್ಞೆ ಕಳೆದುಕೊಳ್ಳುತ್ತಾಳೆ, ಆದರೆ ದೇವರ ಆತ್ಮ ತಾಗಿದ ಪ್ರವಾದಿಯ ಬುದ್ಧಿ ಮೊದಲಿಗಿಂತ ಇನ್ನೂ ತಿಳಿಯಾಗುತ್ತದೆ ಎಂದು ಆತನ ವಾದ. ದೇವರು ಮಾತಾಡುವಾಗ ಮನುಷ್ಯ ಅಳಿಸಿಹೋಗುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಯೇಸು ಹುಟ್ಟುವ ಮೊದಲೇ ಸತ್ತವರಿಗೆ ದೇವರು ಕಾಣಿಸಲೇ ಇಲ್ಲವೇ? ಇದನ್ನು ಎದುರಿಗೆ ನಿಂತು ಎದುರಿಸಿದವನು 2ನೇ ಶತಮಾನದ ಕ್ರೈಸ್ತ ಚಿಂತಕ ಜಸ್ಟಿನ್. ಊರು ಪಾಲೆಸ್ತೀನದ ಫ್ಲಾವಿಯ ನಿಯಾಪೊಲಿಸ್, ಇಂದಿನ ನಾಬ್ಲಸ್. ದೇವರನ್ನು ತಿಳಿಯಬೇಕೆಂದು ಆತ ಗುರುಗಳ ಮನೆ ಅಲೆದ ಕತೆಯನ್ನು ತಾನೇ ಹೇಳಿಕೊಂಡಿದ್ದಾನೆ. ಸ್ಟೋಯಿಕ್ ಎಂಬ ತತ್ವಪಂಥದ ಒಬ್ಬ ಗುರುವಿಗೆ ದೇವರ ವಿಷಯವೇ ಬೇಡವಾಗಿತ್ತು. ಅರಿಸ್ಟಾಟಲನ ಪರಂಪರೆಯವನೊಬ್ಬ ಕೆಲವು ದಿನದಲ್ಲೇ ಫೀಸ್ ಎಷ್ಟು ಕೊಡುತ್ತೀ ಎಂದು ಕೇಳಿದ. ಪೈಥಾಗೊರಸನ ಶಿಷ್ಯನೊಬ್ಬ ಮೊದಲು ಸಂಗೀತ, ಖಗೋಳ, ಜ್ಯಾಮಿತಿ ಕಲಿತು ಬಾ ಎಂದು ವಾಪಸ್ ಕಳಿಸಿದ. ಪ್ಲೇಟೋನ ದಾರಿ ಹಿಡಿದಾಗ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಸಮುದ್ರದ ಬಳಿ ಒಬ್ಬ ಮುದುಕ ಸಿಕ್ಕಿ ಹೇಳಿದ್ದು ಇಷ್ಟು: ಯಾರನ್ನೋ ನೋಡದೆ, ನೋಡಿದವರಿಂದ ಕೇಳದೆ, ಅವರ ಬಗ್ಗೆ ಹೇಗೆ ಹೇಳುತ್ತೀ? ಪ್ರವಾದಿಗಳು ಕಂಡಿದ್ದರು, ಕೇಳಿಸಿಕೊಂಡಿದ್ದರು. ಅವರು ತರ್ಕ ಮಾಡಲಿಲ್ಲ, ಸಾಕ್ಷಿ ಹೇಳಿದರು.

ಹೀಗೆ ಕ್ರೈಸ್ತನಾದ ಜಸ್ಟಿನ್ ತಾನು ಓದಿದ್ದ ತತ್ವಶಾಸ್ತ್ರವನ್ನು ಬಿಸಾಡಲಿಲ್ಲ. ಯೋಹಾನನ ಸುವಾರ್ತೆ ‘ಆದಿಯಲ್ಲಿ ವಾಕ್ಯವಿತ್ತು’ ಎಂದು ಶುರುವಾಗುತ್ತದೆ. ಆ ‘ವಾಕ್ಯ’ವೇ ಯೇಸುವಾಗಿ ಹುಟ್ಟಿತು ಎಂಬುದು ಕ್ರೈಸ್ತರ ನಂಬಿಕೆ. ಜಸ್ಟಿನ್ ಹೇಳುವುದೇನೆಂದರೆ, ಆ ವಾಕ್ಯದ ಬೀಜ ಎಲ್ಲ ಮನುಷ್ಯರಲ್ಲೂ ಇದೆ. ಅದಕ್ಕೆ ಒಪ್ಪುವಂತೆ ಬದುಕಿದ ಸಾಕ್ರಟೀಸ್, ಹೆರಾಕ್ಲಿಟಸ್ ಇವರೆಲ್ಲ ಕ್ರೈಸ್ತರೇ, ನಾಸ್ತಿಕರು ಎಂದು ಕರೆಸಿಕೊಂಡಿದ್ದರೂ ಸರಿ. ಅವರಿಗೆ ಸಿಕ್ಕಿದ್ದು ತುಣುಕು, ಯೇಸುವಿನಲ್ಲಿ ಬಂದದ್ದು ಪೂರ್ತಿ. ಸಾಕ್ರಟೀಸನನ್ನು ಕೇಳದೆಯೇ ಕ್ರೈಸ್ತನನ್ನಾಗಿ ಮಾಡಿಬಿಟ್ಟದ್ದು ಔದಾರ್ಯವೋ ಆಕ್ರಮಣವೋ ಎಂದು ಇಂದಿನ ಓದುಗರು ಕೇಳಬಹುದು. ಎರಡೂ ಇದೆ ಎನ್ನುತ್ತೇನೆ. ಆದರೆ ಇದನ್ನು ರೋಮ್ ಚಕ್ರವರ್ತಿಗೆ ಬರೆದ ಅರ್ಜಿಯಲ್ಲಿ ಹೇಳಿದ ಮನುಷ್ಯ, ಕೊನೆಗೆ ಅದೇ ರೋಮ್‌ನಲ್ಲಿ ಸುಮಾರು 165ರಲ್ಲಿ ತಲೆ ಕೊಟ್ಟ ಎಂಬುದನ್ನೂ ಮರೆಯಬಾರದು.

ಹಳೆ ಒಡಂಬಡಿಕೆಯಲ್ಲಿ, ಅಂದರೆ ಯೆಹೂದ್ಯರ ಗ್ರಂಥದಲ್ಲಿ, ದೇವರು ಕಾಣಿಸಿಕೊಂಡ ಕತೆಗಳನ್ನೂ ಆತ ಹೀಗೇ ಓದುತ್ತಾನೆ. ಮೋಶೆಗೆ ಉರಿಯುವ ಪೊದೆಯಲ್ಲಿ ಮಾತಾಡಿದ್ದು ಯಾರು? ಮಮ್ರೆಯ ಮರಗಳ ಹತ್ತಿರ ಅಬ್ರಹಾಮನ ಅತಿಥಿಯಾಗಿ ಬಂದದ್ದು ಯಾರು? ಎಲ್ಲಕ್ಕೂ ತಂದೆಯಾದ ದೇವರು ಆಕಾಶ ಬಿಟ್ಟು ಭೂಮಿಯ ಒಂದು ಮೂಲೆಯಲ್ಲಿ ಬಂದು ನಿಲ್ಲಲಾರ, ಬಂದದ್ದು ಮಗನೇ, ವಾಕ್ಯವೇ ಎಂದು ಜಸ್ಟಿನ್ ಉತ್ತರ. ಇದರಲ್ಲಿ ಒಂದು ಬಿರುಕಿದೆ. ಕಾಣದ ದೊಡ್ಡ ದೇವರು, ಕಾಣುವ ಚಿಕ್ಕ ದೇವರು ಎಂಬ ಅರ್ಥ ಬಂದುಬಿಡುತ್ತದೆ. ಅದು 4ನೇ ಶತಮಾನದಲ್ಲಿ ದೊಡ್ಡ ಗಲಾಟೆಯಾಯಿತು.

ಜಸ್ಟಿನ್‌ಗೆ ಪೂರ್ತಿ ಉಲ್ಟಾ ನಿಂತವನು ಮಾರ್ಸಿಯನ್. ಕಪ್ಪು ಸಮುದ್ರದ ದಡದ ಸಿನೋಪೆಯವನು, ಹಡಗಿನ ವ್ಯಾಪಾರಿ. ರೋಮ್ ಸಭೆಗೆ 2,00,000 ಸೆಸ್ಟರ್ಸ್ ದಾನ ಕೊಟ್ಟಿದ್ದ. ಯೇಸು ತೋರಿಸಿದ ದೇವರು ಅದುವರೆಗೆ ಯಾರಿಗೂ ಗೊತ್ತೇ ಇರದ ದೇವರು, ಲೋಕವನ್ನು ಸೃಷ್ಟಿಸಿದ ಹಳೆ ಒಡಂಬಡಿಕೆಯ ದೇವರು ಬೇರೆ ಎಂದು ಆತ ಸಾರಿದ. ಯೆಹೂದ್ಯರ ಗ್ರಂಥವನ್ನು ಪೂರ್ತಿ ಕೈಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆ ಮತ್ತು ಪೌಲನ ಹತ್ತು ಪತ್ರ ಇಷ್ಟನ್ನೇ ಇಟ್ಟುಕೊಂಡ. 144ರಲ್ಲಿ ಸಭೆ ಆತನನ್ನು ಹೊರಗೆ ಹಾಕಿತು, ಹಣವನ್ನೂ ವಾಪಸ್ ಕೊಟ್ಟಿತು. ಪ್ರಕಟನೆ ಸಿಡಿಲಿನಂತೆ ಒಮ್ಮೆಲೇ ಬಿತ್ತೋ, ಮೊದಲಿನಿಂದ ಬೆಳೆಯುತ್ತಾ ಬಂತೋ ಎಂಬ ಪ್ರಶ್ನೆಗೆ ಮುಖ್ಯ ಸಭೆ ಎರಡನೆಯದನ್ನು ಆರಿಸಿಕೊಂಡಿತು. ಬೈಬಲ್‌ನಲ್ಲಿ ಹಳೆ ಒಡಂಬಡಿಕೆ ಇನ್ನೂ ಉಳಿದಿರುವುದು ಈ ನಿರ್ಧಾರದಿಂದ.

ಈಗ ನನ್ನ ಪ್ರಕಾರ ಇಡೀ ವಿಷಯದ ನಡುಗಂಬವಾದ ಮನುಷ್ಯ, ಐರೇನಿಯಸ್. ಹುಡುಗನಾಗಿದ್ದಾಗ ಸ್ಮುರ್ನದಲ್ಲಿ, ಅಪೊಸ್ತಲರನ್ನು, ಅಂದರೆ ಯೇಸುವಿನ ಮೊದಲ ಶಿಷ್ಯರನ್ನು, ಕಂಡಿದ್ದವನೆಂದು ಹೆಸರಾಗಿದ್ದ ಪಾಲಿಕಾರ್ಪ್‌ನ ಮಾತು ಕೇಳಿದ್ದ. 177ರ ಹಿಂಸಾಚಾರದಲ್ಲಿ ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್) ಲಿಯೋನ್‌ನ ಬಿಷಪ್ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ. ನಾನು ಕೆಲ್ಟ್ ಜನರ ನಡುವೆ ಬದುಕುತ್ತಿದ್ದೇನೆ, ನನ್ನಿಂದ ಅಲಂಕಾರದ ಗ್ರೀಕ್ ನಿರೀಕ್ಷಿಸಬೇಡಿ ಎಂದು ಹೇಳಿಯೇ ಆತ ಸುಮಾರು 180ರಲ್ಲಿ ಐದು ಸಂಪುಟ ಬರೆದ. ಬರೆದದ್ದು ಜ್ಞಾನವಾದಿಗಳ, ಅಂದರೆ ನಾಸ್ಟಿಕ್ ಪಂಥಗಳ ವಿರುದ್ಧ. ರೋಮ್‌ನಲ್ಲಿ ಕಲಿಸಿದ ವ್ಯಾಲೆಂಟೈನಸ್‌ನ ಶಿಷ್ಯರು ಅದರಲ್ಲಿ ಮುಖ್ಯರು. ನಿಜವಾದ ಪ್ರಕಟನೆ ಗುಟ್ಟಾಗಿ ಬಂದದ್ದು, ಅರ್ಹರಾದ ಕೆಲವರಿಗೆ ಮಾತ್ರ ದಕ್ಕುವುದು ಎಂಬುದು ಇವರ ವಾದದ ತಿರುಳು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಈ ಬಗೆಯ ಬರಹಗಳ ಹಳೆಯ ಹೊತ್ತಿಗೆಗಳು ಸಿಕ್ಕವು. ಅವುಗಳಲ್ಲಿದ್ದ ತೋಮನ ಸುವಾರ್ತೆಯ ಮೊದಲ ಸಾಲೇ ಇವು ಯೇಸು ಹೇಳಿದ ಗುಟ್ಟಿನ ಮಾತುಗಳು ಎಂದು ಶುರುವಾಗುತ್ತದೆ.

ಐರೇನಿಯಸ್‌ನ ಪ್ರಶ್ನೆ ತುಂಬ ಲೌಕಿಕವಾದದ್ದು. ಅಪೊಸ್ತಲರಿಗೆ ಗುಟ್ಟಿನ ಜ್ಞಾನ ಇದ್ದಿದ್ದರೆ ಅದನ್ನು ಯಾರಿಗೆ ಕೊಡುತ್ತಿದ್ದರು? ಸಭೆಗಳನ್ನೇ ಯಾರ ಕೈಗೆ ಒಪ್ಪಿಸಿದರೋ ಅವರಿಗೇ ಅಲ್ವಾ? ಅವರಿಗೇ ಗೊತ್ತಿಲ್ಲದ ಗುಟ್ಟು ನಿಮಗೆ ಎಲ್ಲಿಂದ ಬಂತು? ಪ್ರಕಟನೆ ಎಂದರೆ ಬಯಲಲ್ಲಿ ಇಟ್ಟದ್ದು ಎಂಬುದು ಆತನ ನಿಲುವು. ಅಪೊಸ್ತಲರು ಏನೂ ಬರೆದಿಡದೆ ಹೋಗಿದ್ದರೂ ಪರವಾಗಿರಲಿಲ್ಲ ಎನ್ನುವಷ್ಟು ದೂರ ಆತ ಹೋಗುತ್ತಾನೆ. ಕಾಗದ ಮಸಿ ಇಲ್ಲದೆಯೂ ಎಷ್ಟೋ ಅನಾಗರಿಕ ಜನಾಂಗಗಳು ಹೃದಯದಲ್ಲಿ ಬರೆದುಕೊಂಡು ನಂಬಿಕೆ ಕಾಪಾಡಿಕೊಂಡಿವೆಯಲ್ಲ ಎಂದು ಆತನ ವಾದ. ಅಂಥ ಜನರ ನಡುವೆಯೇ ಇದ್ದವನ ಮಾತಿದು, ಸುಮ್ನೆ ಪುಸ್ತಕದಿಂದ ಎತ್ತಿದ್ದಲ್ಲ.

ಜ್ಞಾನವಾದಿಗಳು ಅದೇ ಗ್ರಂಥವನ್ನೇ ಬಳಸುತ್ತಾರಲ್ಲ ಎಂದರೆ ಆತ ಒಂದು ಉಪಮೆ ಕೊಡುತ್ತಾನೆ. ಕುಶಲ ಕಲೆಗಾರನೊಬ್ಬ ಬಣ್ಣದ ಹರಳು ಜೋಡಿಸಿ ರಾಜನ ಚಿತ್ರ ಮಾಡಿದ್ದಾನೆ. ಇನ್ನೊಬ್ಬ ಬಂದು ಹರಳುಗಳನ್ನು ಕಿತ್ತು ಮತ್ತೆ ಜೋಡಿಸಿ ನರಿಯ ಚಿತ್ರ ಮಾಡಿ, ಇದೇ ರಾಜ, ಹರಳುಗಳು ಅವೇ ನೋಡಿ ಎನ್ನುತ್ತಾನೆ. ಹರಳು ಅಸಲಿ, ಚಿತ್ರ ನಕಲಿ. ರಾಜನ ಮುಖ ಹೇಗಿತ್ತು ಎಂದು ಗೊತ್ತಿರಬೇಕಾದರೆ ದೀಕ್ಷಾಸ್ನಾನದಲ್ಲಿ ಕಲಿತ ‘ಸತ್ಯದ ನಿಯಮ’, ಅಂದರೆ ನಂಬಿಕೆಯ ಸಾರ, ಬೇಕು. ಸಭೆಯ ಪರಂಪರೆಗೆ ಇಷ್ಟು ತೂಕ ಕೊಟ್ಟದ್ದರಿಂದ ಮುಂದೆ ಬಿಷಪ್ಪರ ಅಧಿಕಾರ ಬಲವಾಯಿತು ಎಂಬ ಟೀಕೆ ಇದೆ. ಆ ಟೀಕೆ ಸರಿಯೇ.

ಐರೇನಿಯಸ್ ಇನ್ನೂ ಒಂದು ಹೆಜ್ಜೆ ಇಡುತ್ತಾನೆ. ದೇವರು ಕಲಿಸದೆ ದೇವರನ್ನು ಯಾರೂ ತಿಳಿಯಲಾರರು. ಆತನ ಹಿರಿಮೆಯನ್ನು ಅಳೆಯಲು ಹೊರಟರೆ ಸಿಗುವುದಿಲ್ಲ, ಆದರೆ ಪ್ರೀತಿಯಿಂದ ತಾನಾಗಿಯೇ ತೋರಿಸಿಕೊಳ್ಳುತ್ತಾನೆ. ಮಗನಲ್ಲಿ ಕಾಣದಿರುವುದು ತಂದೆ, ತಂದೆಯಲ್ಲಿ ಕಾಣುವುದು ಮಗ. ಹಾಗೆ ಕಾಣಿಸಿಕೊಂಡದ್ದಾದರೂ ಯಾಕೆ? ಮಾಹಿತಿ ಕೊಡಲಿಕ್ಕಲ್ಲ, ಮನುಷ್ಯ ಬದುಕಲಿ ಎಂದು. ಬದುಕಿರುವ ಮನುಷ್ಯನೇ ದೇವರ ಮಹಿಮೆ, ದೇವರನ್ನು ಕಾಣುವುದೇ ಮನುಷ್ಯನ ಬದುಕು ಎಂಬ ಆತನ ಸಾಲನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಬಹಳ ಜನ ಮೊದಲ ಅರ್ಧ ಮಾತ್ರ ಹೇಳಿ ಬಿಟ್ಟುಬಿಡುತ್ತಾರೆ. ಎರಡನೇ ಅರ್ಧ ಇಲ್ಲದೆ ಅದರ ಅರ್ಥವೇ ಬೇರೆಯಾಗುತ್ತದೆ.

ಹೊರಗಿನವರಿಗೆ ಇದೆಲ್ಲ ಹೇಗೆ ಕಂಡಿತು? 2ನೇ ಶತಮಾನದ ಕೊನೆಯ ಹೊತ್ತಿಗೆ ಸೆಲ್ಸಸ್ ಎಂಬ ಗ್ರೀಕ್ ವಿದ್ವಾಂಸ ಕ್ರೈಸ್ತರ ವಿರುದ್ಧ ಒಂದು ಪುಸ್ತಕ ಬರೆದ. ಪುಸ್ತಕ ಕಳೆದುಹೋಗಿದೆ. ಆದರೆ ಸುಮಾರು 248ರಲ್ಲಿ ಒರಿಜೆನ್ ಅದಕ್ಕೆ ಉತ್ತರ ಬರೆಯುವಾಗ ಸಾಲು ಸಾಲಾಗಿ ಉಲ್ಲೇಖಿಸಿದ್ದರಿಂದ ಬಹುಪಾಲು ಉಳಿದಿದೆ. ಎದುರಾಳಿಯನ್ನು ಬದುಕಿಸಿದ್ದೇ ಖಂಡಿಸಿದವನು!

ಸೆಲ್ಸಸ್‌ನ ಪ್ರಶ್ನೆಗಳು ಚುರುಕು. ಇಷ್ಟು ಯುಗಗಳ ನಂತರ ಈಗ ದೇವರಿಗೆ ಮನುಷ್ಯರ ನೆನಪಾಯಿತೇ? ನಾಟಕದ ಜ್ಯೂಸ್ ಹಾಗೆ ದೀರ್ಘ ನಿದ್ದೆಯಿಂದ ಎದ್ದನೇ? ಎದ್ದವನು ಲೋಕದ ಒಂದು ಮೂಲೆಗೆ ಮಾತ್ರ ಯಾಕೆ ಆತ್ಮವನ್ನು ಕಳಿಸಿದ? ಸತ್ತು ಎದ್ದದ್ದು ನಿಜವಾದರೆ ತನ್ನನ್ನು ಶಿಕ್ಷಿಸಿದವರ ಮುಂದೆ, ಎಲ್ಲರ ಮುಂದೆ ಕಾಣಿಸಿಕೊಳ್ಳಬೇಕಿತ್ತಲ್ಲ? ನಿಮ್ಮ ಪ್ರಶ್ನೆಯೂ ಇದರ ಹತ್ತಿರದ್ದೇ.

ಒರಿಜೆನ್ ಹೇಳುವುದು: ದೇವರು ಎಂದೂ ಸುಮ್ಮನಿರಲಿಲ್ಲ. ಪ್ರತಿ ತಲೆಮಾರಿನಲ್ಲೂ ದೇವರ ಜ್ಞಾನ ಪವಿತ್ರ ಮನಸ್ಸುಗಳಿಗೆ ಇಳಿದು ಅವರನ್ನು ದೇವರ ಗೆಳೆಯರನ್ನಾಗಿ, ಪ್ರವಾದಿಗಳನ್ನಾಗಿ ಮಾಡಿದೆ. ಯೇಸು ಅಗಸ್ಟಸ್‌ನ ಕಾಲದಲ್ಲೇ ಬಂದದ್ದಕ್ಕೂ ಕಾರಣ ಇದೆ. ರಾಜ್ಯಗಳೆಲ್ಲ ಒಂದೇ ಆಡಳಿತಕ್ಕೆ ಬಂದಿದ್ದರಿಂದ ಶಿಷ್ಯರು ಎಲ್ಲ ಕಡೆ ಹೋಗಲು ಸಾಧ್ಯವಾಯಿತು. ಎಲ್ಲರ ಮುಂದೆ ಯಾಕೆ ಕಾಣಿಸಲಿಲ್ಲ ಎಂಬುದಕ್ಕೆ ಕೊಟ್ಟ ಉತ್ತರ ಇನ್ನೂ ಕುತೂಹಲದ್ದು. ಯೇಸು ಒಬ್ಬನೇ ಆದರೂ ಕಂಡವರಿಗೆಲ್ಲ ಒಂದೇ ರೀತಿ ಕಾಣಲಿಲ್ಲ. ಬೆಟ್ಟದ ಮೇಲೆ ಆತನ ರೂಪ ಬದಲಾದಾಗ ಜೊತೆಗಿದ್ದವರು ಮೂವರೇ. ಕೆಳಗೆ ಉಳಿದವರಿಗೆ ಅದನ್ನು ತಾಳುವ ಕಣ್ಣಿರಲಿಲ್ಲ. ಕಣ್ಣಿಗೆ ಬಿದ್ದದ್ದೆಲ್ಲ ಪ್ರಕಟನೆ ಆಗುವುದಿಲ್ಲ. ಯೇಸುವಿಗೆ ಮರಣದಂಡನೆ ಕೊಟ್ಟ ಪಿಲಾತನೂ ಆತನನ್ನು ನೋಡಿದ್ದನಲ್ಲ!

ಇಲ್ಲಿ ಒರಿಜೆನ್ ಮತ್ತೆ ಜ್ಞಾನವಾದಿಗಳ ಹತ್ತಿರ ಜಾರುತ್ತಿದ್ದಾನಾ ಎಂಬ ಅನುಮಾನ ಬರಬಹುದು. ಬರಬೇಕು ಕೂಡ. ಆದರೆ ಇನ್ನೊಂದು ಕಡೆ ಆತ ಬಿಗಿಯಾಗಿ ನಿಲ್ಲುತ್ತಾನೆ. ಲೋಕದ ತಂದೆಯನ್ನು ಕಂಡುಹಿಡಿಯುವುದು ಕಷ್ಟ, ಕಂಡರೂ ಎಲ್ಲರಿಗೂ ಹೇಳುವುದು ಅಸಾಧ್ಯ ಎಂಬ ಪ್ಲೇಟೋನ ಮಾತನ್ನು ಸೆಲ್ಸಸ್ ಎತ್ತಿ ಹಿಡಿದಿದ್ದ. ಒರಿಜೆನ್ ಅದನ್ನು ಮೆಚ್ಚುತ್ತಾನೆ. ಆದರೂ ಮಾತಿನಲ್ಲಿ ಕರುಣೆ ಕಡಿಮೆ ಎನ್ನುತ್ತಾನೆ. ಹುಡುಕುವವನ ಶಕ್ತಿ ಸಾಲದು, ಹುಡುಕಲ್ಪಡುವವನೇ ನೆರವಾಗಬೇಕು, ಅದಕ್ಕೇ ವಾಕ್ಯ ಮಾಂಸವಾಗಿ ಎಲ್ಲರ ಕೈಗೆಟುಕುವಂತೆ ಬಂತು. ಉಣ್ಣೆ ಕೆಲಸದವರು, ಚಮ್ಮಾರರು, ಬಟ್ಟೆ ಒಗೆಯುವವರು ದೇವರ ಬಗ್ಗೆ ಉಪದೇಶ ಮಾಡುತ್ತಾರೆ ಎಂದು ಸೆಲ್ಸಸ್ ಗೇಲಿ ಮಾಡಿದ್ದ. ವಚನಕಾರರನ್ನು ಓದಿದ ಕನ್ನಡಿಗರಿಗೆ ಆ ಗೇಲಿಯ ದನಿ ಹೊಸದಲ್ಲ.

4ನೇ ಶತಮಾನವನ್ನು ಬೇಗ ದಾಟುತ್ತೇನೆ. ಮಗ ಸೃಷ್ಟಿಯಾದವನು, ಮಗನಿಗೂ ತಂದೆ ಪೂರ್ತಿ ಗೊತ್ತಿಲ್ಲ ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಕಲಿಸಿದ. ಹಾಗಾದರೆ ಯೇಸುವಿನಲ್ಲಿ ಕಂಡದ್ದು ದೇವರನ್ನಲ್ಲ, ದೇವರ ಬಗ್ಗೆ ಅರ್ಧ ಗೊತ್ತಿದ್ದ ಇನ್ಯಾರನ್ನೋ ಎಂದಾಗುತ್ತದೆ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪ್ಪರ ಸಭೆ ಮಗನೂ ತಂದೆಯೂ ಒಂದೇ ಸತ್ವ ಎಂದು ತೀರ್ಮಾನಿಸಿದ್ದನ್ನು ಸಾಮಾನ್ಯವಾಗಿ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು ಎಂಬ ನಂಬಿಕೆಯ) ಲೆಕ್ಕವಾಗಿ ಓದುತ್ತಾರೆ. ಪ್ರಕಟನೆ ನಿಜವೋ ಸುಳ್ಳೋ ಎಂಬ ಪ್ರಶ್ನೆಯಾಗಿ ಓದಿದರೆ ಅವರ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಆಮೇಲೆ ಯೂನೋಮಿಯಸ್ ಎಂಬವನು ದೇವರ ಸತ್ವವೇ ನಮಗೆ ತಿಳಿಯುತ್ತದೆ ಎಂದಾಗ ಬೆಸಿಲ್ ಎಂಬ ಬಿಷಪ್ ಇನ್ನೊಂದು ಕಡೆಯಿಂದ ತಡೆದ. ದೇವರ ಕೆಲಸಗಳು ನಮ್ಮವರೆಗೆ ಇಳಿದು ಬರುತ್ತವೆ, ಸತ್ವ ಮಾತ್ರ ಕೈಗೆ ಸಿಗುವುದಿಲ್ಲ ಎಂದ. ತೋರಿಸಿಕೊಂಡ ಮೇಲೂ ದೇವರು ಖಾಲಿಯಾಗುವುದಿಲ್ಲ.

ಕೊನೆಯ ಪ್ರಶ್ನೆ: ಇದು ನಿಂತುಹೋಯಿತೇ? ಆರಂಭದಲ್ಲಿ ಊರೂರು ಸುತ್ತುವ ಪ್ರವಾದಿಗಳು ಇದ್ದರು. ‘ಡಿಡಾಖೆ’ ಎಂಬ ಹಳೆಯ ಕೈಪಿಡಿ ಅವರನ್ನು ಪರೀಕ್ಷಿಸುವ ಬಗೆ ಹೇಳುತ್ತದೆ. ಒಂದು ದಿನ ಇರಲಿ, ಬೇಕಾದರೆ ಎರಡು, ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹಣ ಕೇಳಿದರೂ ಸುಳ್ಳು ಪ್ರವಾದಿ. ಇಷ್ಟು ಉಪಯೋಗಕ್ಕೆ ಬರುವ ಸಲಹೆ ದೇವತಾಶಾಸ್ತ್ರದಲ್ಲಿ ಅಪರೂಪ.

2ನೇ ಶತಮಾನದ ಎರಡನೇ ಅರ್ಧದಲ್ಲಿ ಫ್ರುಗ್ಯದ (ಇಂದಿನ ಟರ್ಕಿಯ ಒಳನಾಡು) ಮೊಂಟಾನಸ್, ಪ್ರಿಸ್ಕಿಲ್ಲಾ, ಮ್ಯಾಕ್ಸಿಮಿಲ್ಲಾ ಎಂಬ ಮೂವರು ‘ಹೊಸ ಪ್ರವಾದನೆ’ ಸಾರಿದರು. ಮನುಷ್ಯ ತಂತಿವಾದ್ಯ, ನಾನು ಮೀಟುವ ಕಡ್ಡಿ ಎಂದು ಆತ್ಮ ಹೇಳುತ್ತದೆ ಎಂದು ಮೊಂಟಾನಸ್ ಘೋಷಿಸಿದ. ಅಥೆನಾಗೋರಸ್‌ನ ಕೊಳಲಿಗೂ ಇದಕ್ಕೂ ಎಷ್ಟು ದೂರ ಹೇಳಿ! ನನ್ನ ನಂತರ ಪ್ರವಾದಿ ಇಲ್ಲ, ಅಂತ್ಯವೇ ಬರುವುದು ಎಂದು ಮ್ಯಾಕ್ಸಿಮಿಲ್ಲಾ ಹೇಳಿದಳು. ಅಂತ್ಯ ಬರಲಿಲ್ಲ. ಸಭೆ ಇವರನ್ನು ದೂರ ಇಟ್ಟಿತು, ಕಾರ್ತೇಜ್‌ನ ದೊಡ್ಡ ಲೇಖಕ ತೆರ್ತುಲ್ಲಿಯನ್ ಮಾತ್ರ ಇವರ ಕಡೆ ವಾಲಿದ. ಪ್ರವಾದನೆ ಇರಬಾರದು ಎಂದು ಯಾರೂ ಅನ್ನಲಿಲ್ಲ. ಯೇಸುವಿನಲ್ಲಿ ಬಂದದ್ದರ ಮೇಲೆ ಹೊಸದನ್ನು ಸೇರಿಸುವ ಹಕ್ಕು ಯಾರಿಗೂ ಇಲ್ಲ ಎಂಬ ಭಾವನೆ ಗಟ್ಟಿಯಾಯಿತು. ‘ಮುರಟೋರಿ ತುಣುಕು’ ಎಂಬ ಹಳೆಯ ಪುಸ್ತಕಪಟ್ಟಿ ‘ಹೆರ್ಮನ ಕುರುಬ’ ಎಂಬ ದರ್ಶನಗಳ ಪುಸ್ತಕವನ್ನು ಮನೆಯಲ್ಲಿ ಓದಿ, ಸಭೆಯಲ್ಲಿ ಬೇಡ ಎನ್ನುತ್ತದೆ. ಕಾರಣ, ಅದು ತೀರ ಇತ್ತೀಚಿನದು, ಪ್ರವಾದಿಗಳ ಸಂಖ್ಯೆ ಆಗಲೇ ತುಂಬಿದೆ.

ಆದರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. 380ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಾಜಿಯಾನ್ಸಸ್‌ನ ಗ್ರೆಗರಿ ಎಂಬ ಬಿಷಪ್ ಮಾಡಿದ ಭಾಷಣ ಇದಕ್ಕೆ ಸಾಕ್ಷಿ. ಪವಿತ್ರಾತ್ಮ ದೇವರೆಂದು ಗ್ರಂಥದಲ್ಲಿ ಎಲ್ಲಿದೆ ತೋರಿಸು ಎಂದು ಎದುರಾಳಿಗಳು ಕೇಳುತ್ತಿದ್ದರು. ಇಗ್ನೇಷಿಯಸ್‌ಗೆ ಎದುರಾದದ್ದೇ ಪ್ರಶ್ನೆ, 270 ವರ್ಷಗಳ ಮೇಲೆ. ಗ್ರೆಗರಿ ಹೇಳಿದ: ಹಳೆ ಒಡಂಬಡಿಕೆ ತಂದೆಯನ್ನು ಸ್ಪಷ್ಟವಾಗಿ, ಮಗನನ್ನು ಮಸುಕಾಗಿ ತೋರಿಸಿತು. ಹೊಸದು ಮಗನನ್ನು ತೋರಿಸಿ, ಆತ್ಮದ ಸುಳಿವು ಕೊಟ್ಟಿತು. ಈಗ ಆತ್ಮ ನಮ್ಮ ನಡುವೆಯೇ ಇದ್ದು ತನ್ನನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತಿದೆ. ಹಂತ ಹಂತವಾಗಿ, ನಾವು ತಾಳಿಕೊಳ್ಳುವಷ್ಟು. ಹೊಸ ಗ್ರಂಥ ಬರುವುದಿಲ್ಲ, ಆದರೆ ಬಂದದ್ದರ ಅರ್ಥ ತೆರೆಯುತ್ತಾ ಹೋಗುತ್ತದೆ ಎಂದು ನಾನು ಇದನ್ನು ಓದುತ್ತೇನೆ. ಮರುವರ್ಷ, 381ರಲ್ಲಿ, ಅದೇ ಊರಿನಲ್ಲಿ ಸೇರಿದ ಬಿಷಪ್ಪರ ಸಭೆಗೆ ಸೇರಿದ್ದೆಂದು ಬಂದಿರುವ ವಿಶ್ವಾಸ ಪ್ರಮಾಣದಲ್ಲಿ ಆತ್ಮವನ್ನು ತಂದೆ, ಮಗನ ಜೊತೆಗೇ ಆರಾಧಿಸಬೇಕು, ‘ಪ್ರವಾದಿಗಳ ಮೂಲಕ ಮಾತಾಡಿದವನು’ ಆತನೇ ಎಂದು ಇದೆ. ಕರ್ನಾಟಕದ ಚರ್ಚುಗಳಲ್ಲೂ ಆರಾಧನೆಯಲ್ಲಿ ಅದನ್ನು ಕನ್ನಡದಲ್ಲಿ ಹೇಳುತ್ತಾರೆ.